ಕ್ರಿಯಾಪದ ಬರುವ ಮೊದಲು

ಮಹಾದೇವಿ ಅಕ್ಕಾರು ಆ ಮಾತು ಆಡಿರಲಿಲ್ಲ. ಆಡಿದ್ದೀರಿ ಎಂದು ನಾನು ಅವರನ್ನು ನಂಬಿಸಿದೆ. ಅವರು ನಂಬಿದರು — ಎಷ್ಟು ನಂಬಿದರೆಂದರೆ, ಈಗ ಆ ನಂಬಿಕೆಯಿಂದ ಅವರನ್ನು ಬಿಡಿಸುವುದು ನನ್ನ ಕೈಯಲ್ಲಿ ಉಳಿದಿಲ್ಲ.

ಇಷ್ಟು ಬರೆದ ಕೂಡಲೇ ನನ್ನ ಹಳೆಯ ರೋಗ ಎದ್ದು ಕೂಡುತ್ತದೆ. ಆಡಿರಲಿಲ್ಲ ಎಂದು ಅಷ್ಟು ಖಚಿತವಾಗಿ ಹೇಗೆ ಹೇಳುತ್ತೀ? ಧ್ವನಿಮುದ್ರಣ ಎಲ್ಲಿದೆ? ಧಾರವಾಡದಲ್ಲಿ ತತ್ತ್ವಶಾಸ್ತ್ರ ಓದಿ ಬಂದವನು ನಾನು. ಬಸವನ ಬಾಗೇವಾಡಿಯ ಕಾಲೇಜೊಂದರಲ್ಲಿ ತರ್ಕ ಕಲಿಸುತ್ತೇನೆ. ಯಾರು ಏನು ಹೇಳಿದರೂ 'ಹೌದೇನು?' ಎಂದು ಕೇಳುವ ನನ್ನ ಚಟಕ್ಕೆ ಹುಡುಗರು 'ಹೌದೇನ್ ಸರ್' ಎಂದೇ ಹೆಸರಿಟ್ಟಿದ್ದಾರೆ. ಅಗರಖೇಡದಲ್ಲಿ ನನ್ನ ಅವ್ವ ಊಟಕ್ಕೆ ಕರೆಯುವಾಗ, "ರೊಟ್ಟಿ ಆಗೇತಿ. ಹೌದೋ ಅಲ್ಲೋ ನೀನ ಬಂದ ನೋಡಪಾ" ಎನ್ನುತ್ತಾಳೆ. ಎಲ್ಲವನ್ನೂ ಸಂಶಯಿಸುವವನು ತನ್ನ ನೆನಪೊಂದನ್ನು ಮಾತ್ರ ಹೇಗೆ ಬಿಟ್ಟಾನು? ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ — ಎಲ್ಲಿ ಅನುಮಾನವಿದೆಯೋ ಅಲ್ಲಿ ಅನುಮಾನ ಎಂದೇ ಬರೆಯುತ್ತೇನೆ. ಆದರೆ ನಾನು ಸುಳ್ಳು ಹೇಳಿದೆ ಎಂಬುದರಲ್ಲಿ ಅನುಮಾನವಿಲ್ಲ.

ಕೆಲವು ವರ್ಷ, ಕಾಲೇಜಿನ ಕೆಲಸದ ಜೊತೆಗೆ, ರಾಷ್ಟ್ರೀಯ ರೇಡಿಯೊದ ಬೆಳಗಿನ ಸುದ್ದಿ ಕಾರ್ಯಕ್ರಮವೊಂದಕ್ಕೆ ಈ ಭಾಗದಿಂದ ವರದಿ ಕಳಿಸುತ್ತಿದ್ದೆ. ದೇಶವೆಲ್ಲ ನಾಷ್ಟಾ ಮಾಡುವ ಹೊತ್ತಿಗೆ ಬರುವ ಹಿಂದಿ ಕಾರ್ಯಕ್ರಮ. ಅದರ ಹೆಸರು ಹೇಳುವುದಿಲ್ಲ, ತಪ್ಪು ಅದರದಲ್ಲ. ಕನ್ನಡದಲ್ಲಿ ಮಾತಾಡಿದವರ ಧ್ವನಿಯನ್ನು ಹಿಂದಿಯ ಕೇಳುಗರಿಗೆ ಮುಟ್ಟಿಸಲು ಅಲ್ಲೊಂದು ರೂಢಿಯ ಪದ್ಧತಿ ಇತ್ತು. ಮಾತಾಡಿದವರ ಸ್ವಂತ ಧ್ವನಿ ಮೊದಲು ಒಂದೆರಡು ಶಬ್ದ ಕೇಳಿಸಬೇಕು. ಆಮೇಲೆ ಅದು ತಗ್ಗುತ್ತ ಅಡಿಗೆ ಸರಿಯಬೇಕು. ಅದರ ಮೇಲೆ ನನ್ನ ಹಿಂದಿ ಅನುವಾದ ಏರಬೇಕು. ಅಡಿಯಲ್ಲಿ ಅವರ ಮಾತು ನಡೆದೇ ಇರುತ್ತದೆ, ಆದರೆ ಯಾರಿಗೂ ತಿಳಿಯುವುದಿಲ್ಲ.

ಇದರಲ್ಲೊಂದು ಅಪಾಯವಿದೆ. ಅದು ನನಗೆ ಗೊತ್ತಿರಬೇಕಿತ್ತು — ಗೊತ್ತಿತ್ತು. ಕನ್ನಡದಲ್ಲಿ ಕ್ರಿಯಾಪದ ಬರುವುದು ವಾಕ್ಯದ ತುದಿಗೆ. ಯಾರು, ಎಲ್ಲಿ, ಯಾವುದಕ್ಕೆ ಎಂಬುದೆಲ್ಲ ಮೊದಲೇ ಬಂದು ಹೋಗುತ್ತದೆ. ಏನಾಯಿತು ಎಂಬುದು ಮಾತ್ರ ಕೊನೆಗೆ ಉಳಿಯುತ್ತದೆ. ಆ ಕೊನೆ ಬರುವ ಹೊತ್ತಿಗೆ ಮೇಲೆ ಇರುತ್ತಿದ್ದದ್ದು ನನ್ನ ಧ್ವನಿ.

ಒಂದು ಬೇಸಿಗೆ ಕೊಲ್ಹಾರದ ಮೇಲೆ ವರದಿ ಮಾಡಲು ಹೋದೆ. ಆಲಮಟ್ಟಿಯ ಹಿನ್ನೀರು ಇಳಿದಾಗ ಮುಳುಗಿದ ಹಳೆಯ ಊರಿನ ಗೋಡೆಗಳ ಬುಡ ಅಲ್ಲಲ್ಲಿ ಕಾಣುತ್ತದೆ. ಹೊಸ ಊರಿನ ಜನ ಅದನ್ನು ನೋಡಲು ದಂಡೆಗೆ ಇಳಿಯುತ್ತಾರೆ. ಅಲ್ಲಿ ಯಾರೋ ನನ್ನನ್ನು ನೀಲವ್ವನ ಮನೆಗೆ ಕಳಿಸಿದರು. ನೀಲವ್ವ ವಯಸ್ಸಾದ ವಿಧವೆ, ಮೊಸರು ಮಾರಿ ಬಾಳಿದವಳು. ಮುದ್ದೇಬಿಹಾಳದಲ್ಲಿ ಶಿಕ್ಷಕಿಯಾಗಿರುವ — ನಮ್ಮ ಕಡೆ ಶಿಕ್ಷಕಿಯರಿಗೆ ಅಕ್ಕಾರು ಎನ್ನುತ್ತಾರೆ — ಮಗಳು ಮಹಾದೇವಿ ರಜೆಗೆ ಬಂದಿದ್ದರು. ಮನೆಯ ಮುಂದಿನ ಕಟ್ಟೆಯ ಮೇಲೆ ಕೂತೆವು. ನಾನು ಫೋನಿನಲ್ಲಿ ಮುದ್ರಿಸಿಕೊಳ್ಳತೊಡಗಿದೆ.

"ದಿಲ್ಲಿ ಮಂದಿಗಿ ನಮ್ಮ ಮಾತ ತಿಳೀತದೇನೋ ತಮ್ಮಾ?" ಎಂದು ನೀಲವ್ವ ಕೇಳಿದಳು.

"ನಾ ಹಿಂದಿ ಮಾಡಿ ಹೇಳ್ತೇನಿ ಯವ್ವಾ."

"ಮಾಡು, ಮಾಡು. ಖಾರ ಮಾತ್ರ ಹೆಚ್ಚಿಗಿ ಹಾಕಬ್ಯಾಡ."

ಎಲ್ಲರೂ ನಕ್ಕೆವು. ತೀರಿಹೋದ ಗುರಪ್ಪನ — ನೀಲವ್ವನ ಗಂಡ, ಮಹಾದೇವಿಯವರ ತಂದೆ — ಮಾತು ಬಂತು. ಹೊಸ ಊರಿಗೆ ಬಂದ ಮೇಲೂ ಆತ ದಿನಾ ಸೇತುವೆಯ ಮೇಲೆ ಹೋಗಿ ನಿಂತು, ಬಂದವರಿಗೆಲ್ಲ ನೀರಿನತ್ತ ಕೈ ಮಾಡಿ, "ಅಕಾ, ಅಲ್ಲೈತಿ ನನ್ನ ಮನಿ. ಈಗ ಮೀನ ಬಾಡಿಗಿ ಅದಾವ, ಒಂದೂ ಬಾಡಿಗಿ ಕೊಡಾಂಗಿಲ್ಲ" ಎನ್ನುತ್ತಿದ್ದನಂತೆ. ಕೆಲವು ವರ್ಷಗಳ ನಂತರ ಕಾಮಾಲೆಯಾಗಿ, ಮನೆಯಲ್ಲೇ, ನೀಲವ್ವ ಕುಡಿಸಿದ ಗಂಜಿ ಕುಡಿಯುತ್ತ ಸತ್ತ. ಇದೆಲ್ಲವನ್ನೂ ಅವರು ನನಗೆ ಹೇಳಿದ್ದರು. ನನಗೆ ಎಲ್ಲವೂ ಗೊತ್ತಿತ್ತು.

ಹೇಳುತ್ತ ಹೇಳುತ್ತ ಮಹಾದೇವಿ ಅಕ್ಕಾರು ಒಂದು ಮಾತು ಅಂದರು: "ನಮ್ಮಪ್ಪ ಹಳೇ ಊರಿಗಿ ಜೀವಾ ಬಿಡ್ತಿದ್ದ."

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಜೀವಾ ಬಿಡ್ತಿದ್ದ ಎಂದರೆ ಅಷ್ಟು ಪ್ರೀತಿ ಮಾಡುತ್ತಿದ್ದ ಎಂದರ್ಥ. ಜೀವಾ ಬಿಟ್ಟ ಎಂದರೆ ಸತ್ತ. ದಿನಾ ದಿನಾ ಸಾಯಲು ಯಾರಿಗೂ ಆಗುವುದಿಲ್ಲ; ಪ್ರೀತಿ ಮಾಡಲು ಆಗುತ್ತದೆ. ನಡುವೆ ಇರುವುದು ಒಂದು ಸಣ್ಣ ಶಬ್ದದ ಬಾಲ. ಅನುವಾದದಲ್ಲಿ ಹಾಗಾಯಿತು ಎಂದು ತಪ್ಪಿಸಿಕೊಳ್ಳಲು ನೋಡಿದ್ದೇನೆ — ಆ ದಾರಿಯೂ ಇಲ್ಲ. ಹಿಂದಿಯಲ್ಲೂ ಇದೇ ನುಡಿ, ಇದೇ ವ್ಯತ್ಯಾಸ ಇದೆ. 'ಜಾನ್ ದೇತೇ ಥೇ' ಎಂದರೆ ಪ್ರೀತಿ. 'ಜಾನ್ ದೇ ದೀ' ಎಂದರೆ ಸಾವು. ಇದ್ದದ್ದನ್ನು ಇದ್ದ ಹಾಗೆ ಇಟ್ಟಿದ್ದರೆ ಸಾಕಿತ್ತು.

ನಾನು ಇಟ್ಟದ್ದು ಎರಡನೆಯದನ್ನು. "ಗಾಂವ್ ಡೂಬಾ, ಔರ್ ಉನ್ಹೋನೇ ಜಾನ್ ದೇ ದೀ." ಊರು ಮುಳುಗಿತು, ಅವರು ಜೀವ ಕೊಟ್ಟರು — ಅಂದರೆ ತಾವಾಗಿಯೇ.

ಬೇಕೆಂದೇ ಮಾಡಿದೆನೆ? ಇಲ್ಲಿ ನನಗೆ ಅನುಮಾನವಿದೆ. ಬರೆದು ಕಳಿಸುವ ಅವಸರ ನೆನಪಿದೆ. ವಾಕ್ಯ ಓದಲು ಚೆನ್ನಾಗಿ ಕೂತಿತು ಎಂಬ ಸಣ್ಣ ಸುಖ ನೆನಪಿದೆ. ಆ ಸುಖದ ಅಡಿಯಲ್ಲಿ, ಇದು ಅವರು ಅಂದದ್ದಲ್ಲ ಎಂಬ ಅರಿವು ಇತ್ತೆ — ಅಥವಾ ಈಗ ನಾನೇ ಹಿಂದಕ್ಕೆ ಹೋಗಿ ಅದನ್ನು ಅಲ್ಲಿ ಇಟ್ಟು ಬರುತ್ತಿದ್ದೇನೆಯೆ... ತಿಳಿಯದು. ಅವರ ಧ್ವನಿಯನ್ನು ತಗ್ಗಿಸಿದ ಜಾಗ ಮಾತ್ರ ಎಲ್ಲರಿಗೂ ಕೇಳಿಸಿತು. "ನಮ್ಮಪ್ಪ ಹಳೇ ಊರಿಗಿ ಜೀವಾ —" ಅಷ್ಟೇ. ಮುಂದೆ ನಾನು.

ವರದಿ ಪ್ರಸಾರವಾದ ದಿನ ದಿಲ್ಲಿಯಿಂದ ಮೆಚ್ಚುಗೆಯ ಸಂದೇಶ ಬಂತು. ಕಾಲೇಜಿನಲ್ಲಿ ಪ್ರಾಚಾರ್ಯರು ಎಲ್ಲರೆದುರು ಬೆನ್ನು ತಟ್ಟಿದರು. 'ಹೌದೇನ್ ಸರ್' ದೇಶಕ್ಕೆಲ್ಲ ಕೇಳಿಸಿದರು ಎಂದು ಹುಡುಗರು ನಕ್ಕರು. ನಾನು ಉಬ್ಬಿದ್ದೆ.

ಅದೇ ಬೆಳಿಗ್ಗೆ ಸಿಂದಗಿಯಲ್ಲಿ ಮಲ್ಲಪ್ಪ ಅದನ್ನು ಕೇಳಿದ್ದರು. ಮಲ್ಲಪ್ಪ ಗುರಪ್ಪನ ತಮ್ಮ, ಸೈನ್ಯದಿಂದ ನಿವೃತ್ತಿಯಾದವರು. ಸೈನ್ಯದಲ್ಲಿ ಹತ್ತಿದ ರೂಢಿ — ಬೆಳಗಿನ ರಾಷ್ಟ್ರೀಯ ಸುದ್ದಿ ಕೇಳದೆ ತಟ್ಟೆಗೆ ಕೈ ಹಾಕುವವರಲ್ಲ. ತಾಯಿ ಬೇಗ ಸತ್ತಿದ್ದರಿಂದ ಅವರನ್ನು ಸಾಕಿದವಳು ಅತ್ತಿಗೆ — ಅವರ ಬಾಯಲ್ಲಿ ವೈನಿ — ನೀಲವ್ವನೇ. ಅಣ್ಣ ಸತ್ತಾಗ ಅವರು ಗಡಿಯಲ್ಲಿದ್ದರು. ಊರು ಮುಟ್ಟುವಷ್ಟರಲ್ಲಿ ಮಣ್ಣಾಗಿತ್ತು. ಅಣ್ಣನ ಮುಖ ನೋಡಲಿಲ್ಲ ಎಂಬುದು ಅವರೊಳಗೆ ಹಾಗೇ ಉಳಿದಿತ್ತು. ಯಾಕೆ ಕಾಯಲಿಲ್ಲ ಎಂದು ಬಾಯಿಬಿಟ್ಟು ಕೇಳಿರಲಿಲ್ಲ. ಆ ಕೇಳದ ಪ್ರಶ್ನೆಗೆ ನನ್ನ ವಾಕ್ಯ ಉತ್ತರವಾಗಿ ಹೋಗಿ ಕೂತಿತು. ಅದೂ ಅಣ್ಣನ ಮಗಳ ಬಾಯಿಂದ. ಅದೂ ಜೀವಮಾನವಿಡೀ ನಂಬಿದ ರೇಡಿಯೊದಿಂದ.

ಅವರು ಕೊಲ್ಹಾರಕ್ಕೆ ಫೋನು ಮಾಡಿ ನೀಲವ್ವನಿಗೆ ಒಂದೇ ಮಾತು ಅಂದರಂತೆ: "ಅದಕ್ಕೇನು ವೈನಿ, ನಾ ಬರೂದ್ರಾಗ ಗಡಬಡಿಸಿ ಮಣ್ಣ ಮಾಡಿದ್ದು?" ಆಮೇಲೆ ಆ ಮನೆಗೆ ಬರುವುದನ್ನು ಬಿಟ್ಟರು. ಗಂಡ ನೊಂದು ಜೀವ ಕಳೆದುಕೊಂಡದ್ದನ್ನು ಹೆಂಡತಿ ಮುಚ್ಚಿಟ್ಟಳು ಎಂದು ಮಾತು ಊರಿಂದ ಊರಿಗೆ ಹೋಯಿತು.

ಒಂದು ಮಧ್ಯಾಹ್ನ ನನಗೆ ಫೋನು ಬಂತು.

"ಸರ್ರ, ನಾನು ಮುದ್ದೇಬಿಹಾಳದಿಂದ ಮಹಾದೇವಿ. ನಮ್ಮಪ್ಪ ತಾನಾಗೇ ಜೀವಾ ಕಳಕೊಂಡ ಅಂತ ನಾ ಯಾವಾಗ ಅಂದೇನ್ರಿ?"

"ನೀವ ಅಂದ್ರಲ್ಲ ಅಕ್ಕಾರ."

"ನಾ ಜೀವಾ ಬಿಡ್ತಿದ್ದ ಅಂದೇನಿ. ಊರ ಮ್ಯಾಲ ಅಷ್ಟ ಪ್ರೀತಿ ಅಂತ."

"ಬಿಡ್ತಿದ್ದ ಅಲ್ರಿ. ಬಿಟ್ಟ ಅಂದ್ರಿ. ನನ್ನ ಕಡೆ ರೆಕಾರ್ಡ್ ಐತಿ. ಈಗರೆ ಕೇಳೇನಿ."

ಕೇಳಿರಲಿಲ್ಲ. ಕಳಿಸಿದ ಮೇಲೆ ಅದನ್ನು ತೆರೆದೇ ಇರಲಿಲ್ಲ. ಕೇಳಿದ್ದೇನೆ ಎಂದೆ. ಇಷ್ಟು ಸಲೀಸಾಗಿ ಸುಳ್ಳು ಬಂದದ್ದು ಹೇಗೆ ಎಂದು ನನಗೆ ಇವತ್ತಿಗೂ — ಇರಲಿ.

ಆ ಕಡೆ ಮಕ್ಕಳ ಗದ್ದಲ ಕೇಳುತ್ತಿತ್ತು. ಆಮೇಲೆ, "ಹಂಗಾರ ನಾನ ಅಂದಿರಬೇಕ್ರಿ. ಅಪ್ಪನ ಮಾತ ಬಂದ್ರ ನನಗ ಖಬರ ಇರಾಂಗಿಲ್ಲ. ನಿಮಗ ತ್ರಾಸ ಕೊಟ್ಟೆ, ಸಿಟ್ಟಾಗಬ್ಯಾಡ್ರಿ ಸರ್ರ. ಒಮ್ಮಿ ಅದನ್ನಷ್ಟ ಕಳಸ್ರಿ" ಎಂದರು.

ಅವರೇ ನನ್ನ ಕ್ಷಮೆ ಕೇಳಿದರು. ಕಳಸ್ತೇನಿ ಎಂದೆ. ಕಳಿಸಲಿಲ್ಲ.

ಮುಂದಿನದು ನನಗೆ ಎರಡು ತರಹ ನೆನಪಿದೆ. ಒಂದರಲ್ಲಿ, ಕಾಲೇಜಿನ ಹಿಂದಿನ ಮೆಟ್ಟಿಲ ಮೇಲೆ ನಿಂತು ರೆಕಾರ್ಡನ್ನು ಕಿವಿಗೆ ಹಚ್ಚಿಕೊಂಡು ಕೇಳುತ್ತೇನೆ. 'ಬಿಡ್ತಿದ್ದ' ಎಂದು ಸ್ಪಷ್ಟವಾಗಿ ಕೇಳುತ್ತದೆ. ಹಿಂದೆಯೇ ನೀಲವ್ವನ ನಗು. ಸಾವಿನ ಮಾತಿಗೆ ಯಾರಾದರೂ ನಗುತ್ತಾರೆಯೆ? ಇನ್ನೊಂದರಲ್ಲಿ ನಾನು ಕೇಳುವುದೇ ಇಲ್ಲ. ಕೇಳಿದರೆ ಗೊತ್ತಾಗಿಬಿಡುತ್ತದೆ ಎಂಬ ಹೆದರಿಕೆಗೆ ಹಾಗೇ ಅಳಿಸಿಬಿಡುತ್ತೇನೆ. ಮೊದಲನೆಯದು ನಿಜವಾದರೆ ನಾನು ತಿಳಿದೂ ಸಾಕ್ಷಿ ಕೊಂದವನು. ಎರಡನೆಯದು ನಿಜವಾದರೆ ತಿಳಿಯಲೊಲ್ಲದ ಹೇಡಿ. ಯಾವುದು ನಿಜವೋ — ದಿನಕ್ಕೊಂದು ನಿಜವೆನಿಸುತ್ತದೆ. ಎರಡರಲ್ಲೂ ಅಳಿಸುವ ಬೆರಳು ನನ್ನದೇ. ಅಕ್ಕಾರು ಮತ್ತೊಮ್ಮೆ ಕೇಳಿದಾಗ ಫೋನು ಕೆಟ್ಟಿತು ಎಂದೆ.

ತಿದ್ದುಪಡಿ ಓದಿಸುವುದು ಕಷ್ಟವಿರಲಿಲ್ಲ. ಕಾರ್ಯಕ್ರಮದವರು ಇಂಥದ್ದನ್ನು ಮುಚ್ಚಿಡುವವರಲ್ಲ. ಬೇರೆ ವರದಿಗಳಿಗೆ ಎಷ್ಟೋ ಸಲ ಬೆಳಿಗ್ಗೆಯೇ ವಿಷಾದ ಹೇಳಿದ್ದನ್ನು ಕೇಳಿದ್ದೆ. ನಾನು ಒಂದು ಸಾಲು ಬರೆದು ತಿಳಿಸಿದ್ದರೆ, ಮಲ್ಲಪ್ಪ ಅದೇ ರೇಡಿಯೊದಲ್ಲಿ, ಅದೇ ತಟ್ಟೆಯ ಮುಂದೆ ಅದನ್ನು ಕೇಳುತ್ತಿದ್ದರು. ಬರೆಯಲಿಲ್ಲ. ಮುಂದೆ ವರದಿ ಮಾಡುವುದನ್ನೇ ಬಿಟ್ಟೆ. ಪಾಠದ ಹೊರೆ ಹೆಚ್ಚಾಯಿತು ಎಂದು ಎಲ್ಲರಿಗೂ ಹೇಳಿದೆ.

ನೀಲವ್ವ ತೀರಿಕೊಂಡ ಸುದ್ದಿ ಯಾರದೋ ಮಾತಿನ ನಡುವೆ ಕಿವಿಗೆ ಬಿತ್ತು. ಆಮೇಲೆ ಎಲ್ಲವನ್ನೂ ಒಳಗೇ ಇಟ್ಟುಕೊಂಡಿರಲು ಆಗಲಿಲ್ಲ. ಮುದ್ದೇಬಿಹಾಳಕ್ಕೆ, ಮಹಾದೇವಿ ಅಕ್ಕಾರ ಶಾಲೆಗೆ ಹೋದೆ. ಊಟದ ಬಿಡುವು. ಅವರು ನನ್ನನ್ನು ಗುರುತಿಸಿ ಕುರ್ಚಿ ಹಾಕಿಸಿ, ಚಹಾ ತರಿಸಿದರು. ನಾನು ಎಲ್ಲವನ್ನೂ ಹೇಳಿದೆ. ನೀವು ಅಂದದ್ದು ಬಿಡ್ತಿದ್ದ. ನಾನು ಬದಲು ಮಾಡಿದೆ. ರೆಕಾರ್ಡು ಕೇಳಿದ್ದೇನೆ ಎಂದದ್ದು ಸುಳ್ಳು. ಅವರು ಬಯ್ಯುತ್ತಾರೆ ಎಂದುಕೊಂಡಿದ್ದೆ. ಬಯ್ಯಲಿ ಎಂದೇ ಹೋಗಿದ್ದೆ.

"ಇಲ್ಲ ಬಿಡ್ರಿ ಸರ್ರ, ನಾನ ಅಂದೇನಿ" ಎಂದರು. "ನನಗ ಚೊಲೋ ನೆನಪೈತಿ. ಹೊಳಿ ದಂಡಿ ಮ್ಯಾಲ ನಿಂತಿದ್ದೆ. ಗಾಳಿಗಿ ಸೆರಗ ಹಾರಾಕತ್ತಿತ್ತು. ಬಿಟ್ಟ ಅಂದೆ. ಅಂದಕೂಡಲೇ ಅವ್ವ ಹೊಳ್ಳಿ ನನ್ನ ಮಾರಿ ನೋಡಿದ್ಲು."

"ದಂಡಿ ಅಲ್ರಿ ಅಕ್ಕಾರ, ಕಟ್ಟಿ ಮ್ಯಾಲ ಕೂತಿದ್ವಿ. ನಿಮ್ಮ ಮನಿ ಮುಂದ."

"ಇಲ್ರಿ, ದಂಡಿ. ನಿಮಗ ಮರ್ತೈತಿ."

ಎಷ್ಟು ಸೌಮ್ಯವಾಗಿ ಹೇಳಿದರೆಂದರೆ, ಒಂದು ಕ್ಷಣ ನನಗೂ ಗಾಳಿ, ಸೆರಗು, ನೀರು ಕಂಡವು. ಕಟ್ಟೆ ಎಲ್ಲಿತ್ತು? ನಾನು ಹೇಳಿದ ಒಂದು ಸುಳ್ಳಿಗೆ ಅವರು ವರ್ಷಗಟ್ಟಲೆ ಕೂತು ಗಾಳಿಯನ್ನೂ ಸೆರಗನ್ನೂ ಒದಗಿಸಿದ್ದರು. ಒದಗಿಸದೆ ಏನು ಮಾಡಬೇಕಿತ್ತು? ಓದಿದ ಮನುಷ್ಯ, ರೆಕಾರ್ಡ್ ಇದೆ ಅಂದಿದ್ದ.

"ಅವ್ವನ ಕಾಲ ಹಿಡದ ತಪ್ಪಾತು ಅಂದೇನ್ರಿ" ಎಂದರು ಆಮೇಲೆ. "ಮಲ್ಲಪ್ಪ ಕಾಕಾಗೂ ಹೇಳೇನಿ, ಬಾಯಿ ತಪ್ಪಿ ಅಂದೆ ಅಂತ. ಅವ ಏನಂದ ಗೊತ್ತೇನ್ರಿ? ಬಾಯಿ ತಪ್ಪಿದಾಗ್ಲೇ ಖರೇ ಬರ್ತೈತಿ ಅಂದ."

"ಅವ್ವ ಏನಂದ್ರು?" ಎಂದು ಕೇಳಿದೆ.

"ಅವ್ವ ಕಡೀತನಕ ಒಂದ ಹೇಳಿದ್ಲು, ನೀ ಅಂದಿಲ್ಲ ಮಗಳ ಅಂತ. ವಾಟ್ಸಾಪಿನ್ಯಾಗ ಬಂದಿತ್ತಲ್ರಿ ನಿಮ್ಮ ಕಾರ್ಯಕ್ರಮ, ಅದನ್ನ ಹಚ್ಚಿ ಹಚ್ಚಿ ಕೇಳ್ತಿದ್ಲು. ಹಿಂದಿ ಬರಾಂಗಿಲ್ಲ ಆಕಿಗಿ. ನಿಮ್ಮ ದನಿ ತೆಳಗ ನನ್ನ ದನಿ ಐತೆಲ್ಲ, ಅದು ಕೇಳಸ್ತೈತೇನ ಅಂತ ಕಿವಿಗಿ ಒತ್ತಿ ಹಿಡಕೊಂಡ ಕೂಡ್ತಿದ್ಲು. ನಾ ಬೈತಿದ್ದೆ, ಸಾಕ ಇಡ ಯವ್ವಾ ಅಂತ."

ಆ ದಿನ ಅಲ್ಲಿದ್ದವರು ಮೂರೇ ಜನ. ಅದರಲ್ಲಿ ನಿಜ ನೆನಪಿದ್ದವಳು ಒಬ್ಬಳೇ. ಅವಳ ಮಾತನ್ನು ಮಗಳು ನಂಬಲಿಲ್ಲ — ನನ್ನ ಹತ್ತಿರ ರೆಕಾರ್ಡ್ ಇತ್ತಲ್ಲ. ಮೈದುನ ನಂಬಲಿಲ್ಲ — ಆರೋಪ ಇದ್ದದ್ದೇ ಅವಳ ಮೇಲೆ. ನಾನು ನಂಬುತ್ತಿದ್ದೆ. ನಾನು ಅವಳ ಹತ್ತಿರ ಹೋಗಲೇ ಇಲ್ಲ.

ಹೊರಡುವಾಗ ಮಹಾದೇವಿ ಅಕ್ಕಾರು ಗೇಟಿನತನಕ ಬಂದು, "ಹಿಂಗ ಮನಸ್ಸಿಗಿ ಹಚ್ಚಿಕೊಂಡ ಅಡ್ಡಾಡಬ್ಯಾಡ್ರಿ. ಮಾರಿ ನೋಡ್ರಿ, ಎಷ್ಟ ಸೊರಗೀರಿ" ಎಂದರು. ನನ್ನನ್ನೇ ಸಮಾಧಾನ ಮಾಡಿದರು.

ಉಳಿದವರು ಮಲ್ಲಪ್ಪ. ಒಂದು ಭಾನುವಾರ ಬೆಳಿಗ್ಗೆ ಸಿಂದಗಿಗೆ ಹೋದೆ. ಪಡಸಾಲೆಯಲ್ಲಿ ರೇಡಿಯೊ ನಡೆದಿತ್ತು, ಮುಂದೆ ತಟ್ಟೆಯಲ್ಲಿ ಮಂಡಕ್ಕಿಯ ಸುಸಲಾ. ಬಾಗೇವಾಡಿಯ ಕಾಲೇಜಿನಲ್ಲಿ ಕಲಿಸುವವನು ಎಂದು ಹೇಳಿಕೊಂಡೆ.

"ಬರ್ರಿ ಮಾಸ್ತರ, ಕೂಡ್ರಿ. ಮೊದಲ ನಾಷ್ಟಾ ಮಾಡ್ರಿ, ಆಮ್ಯಾಲ ಮಾತು" ಎಂದು ನನಗೂ ಒಂದು ತಟ್ಟೆ ತರಿಸಿದರು. ಮುಟ್ಟಲಾಗಲಿಲ್ಲ. ಅವರ ಧ್ವನಿ ಗಟ್ಟಿ, ಬೆನ್ನು ನೇರ. ನಾನು ಹೇಳುತ್ತ ಹೋದ ಹಾಗೆ ಅವರ ಕೈ ತಟ್ಟೆಯಲ್ಲೇ ನಿಂತಿತು. ರೇಡಿಯೊ ಸಣ್ಣ ಮಾಡಿದರು.

"ಅದರ ರೆಕಾರ್ಡ್ ಐತೇನು?"

"ಇಲ್ರಿ. ಅಳಿಸೇನಿ."

"ಅಳಸೂಕಿಂತ ಮೊದಲ ಕೇಳಿದ್ರೇನು?"

ಇದೇ ಜಾಗ. ಹೌದು ಕೇಳಿದೆ, ಬಿಡ್ತಿದ್ದ ಎಂದೇ ಇತ್ತು ಎಂದು ನಾನು ಇಲ್ಲಿ ಹೇಳಬೇಕಿತ್ತು. ಆ ಒಂದು ವಾಕ್ಯಕ್ಕಾಗಿ ನೀಲವ್ವ ಸಾಯುವತನಕ ಕಾದಿದ್ದಳು. ಆದರೆ ನಾನು, ತರ್ಕದ ಮಾಸ್ತರ, ಬಾಯಿ ತೆರೆದು ಹೇಳಿದ್ದು: "ಕೇಳಿದಂಗ ನೆನಪ್ರಿ. ಖಾತ್ರಿ ಇಲ್ಲ."

ಮಲ್ಲಪ್ಪ ನನ್ನನ್ನು ನೋಡಿದರು. ಅಲ್ಲಿಂದ 'ನೀವು' ಹೋಯಿತು.

"ದೇಶಕ್ಕೆಲ್ಲ ಹೇಳುಮುಂದ ಖಾತ್ರಿ ಇತ್ತು. ನನ್ನ ಪಡಸಾಲಿಗಿ ಬಂದಕೂಡಲೇ ಹೋತು? ಭಾಳ ಶಾಣ್ಯಾ ಅದಿ ನೀ."

ಸಂಶಯ ಪಡಬೇಕಾದಲ್ಲಿ ಖಚಿತವಾಗಿ ಮಾತಾಡಿದೆ. ಖಚಿತವಾಗಿ ಮಾತಾಡಬೇಕಾದಲ್ಲಿ ಪ್ರಾಮಾಣಿಕನಾಗಲು ಹೋದೆ. ಆ ಪ್ರಾಮಾಣಿಕತೆಯೂ ನನಗಾಗಿಯೇ ಇತ್ತೋ ಏನೋ — ಇನ್ನೊಂದು ಸುಳ್ಳಿನ ಭಾರ ಹೊರಲು ನನಗೆ ಮನಸ್ಸಿರಲಿಲ್ಲ, ಅಷ್ಟೇ. "ನೀಲವ್ವ ಅವರು ಹೇಳಿದ್ದ ಖರೇ ಇರಬೇಕ್ರಿ, ನನಗ ಹಂಗ ಅನಸ್ತದ" ಎಂದು ಮತ್ತೂ ಏನೋ ತೊದಲಿದೆ.

"ಅನಸ್ತದ ಅಂತ ಹೇಳಾಕ ಬಾಗೇವಾಡಿಯಿಂದ ಬಸ್ ಹತ್ತಿ ಬಂದ್ಯಾ?"

ಆಮೇಲೆ ಅವರು ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. ಮಾತಾಡಿದಾಗ ಧ್ವನಿ ಅವರದೆನಿಸಲಿಲ್ಲ.

"ವೈನಿ ಮಣ್ಣಿಗಿ ನಾ ಹೋಗಲಿಲ್ಲ ಮಾಸ್ತರ. ಸಣ್ಣಂವ ಇದ್ದಾಗ ನನಗ ಕೈತುತ್ತ ಹಾಕಿದಾಕಿ. ಹೇಳಿ ಕಳಿಸಿದ್ರು, ಹೋಗಲಿಲ್ಲ. ಆಕಿ ನನಗ ಸುಳ್ಳ ಹೇಳಿದ್ಲಂತ ಹೋಗಲಿಲ್ಲ. ಈಗ ನೀ ಬಂದು ಆಕೀದ ಖರೇ ಅಂತಿ. ಹಂಗಾರ ನಾ ಎಲ್ಲಿ ಹೋಗಿ ನಿಂದರ್ಲಿ? ಹೇಳು."

ಅವರು ಎದ್ದು ಒಳಗೆ ಹೋದರು. ಬಾಗಿಲು ಹಾಕಿಕೊಳ್ಳಲೂ ಇಲ್ಲ, ನನ್ನನ್ನು ಹೋಗು ಎನ್ನಲೂ ಇಲ್ಲ. ಸಾಕಷ್ಟು ಹೊತ್ತು ಕೂತಿದ್ದು ಎದ್ದು ಬಂದೆ.

ಅವರನ್ನು ನಂಬಿಸಿದರೆ ಅವರು ಬದುಕುವುದು ಹೇಗೆ? ನಂಬಿಸದೆ ಬಿಟ್ಟರೆ ನೀಲವ್ವ ಸುಳ್ಳುಗಾತಿಯಾಗಿಯೇ ಉಳಿಯುತ್ತಾಳೆ. ಎರಡನ್ನೂ ಮಾಡಿಟ್ಟವನು ನಾನು; ಎರಡರಲ್ಲಿ ಒಂದನ್ನೂ ಈಗ ತಿದ್ದಲಾರೆ. ಮಹಾದೇವಿ ಅಕ್ಕಾರು ಇದನ್ನು ಓದಿದರೂ ತಲೆಯಾಡಿಸಿ, ಇಲ್ರಿ, ನಾನ ಅಂದೇನಿ ಎನ್ನಬಹುದು. ಮಲ್ಲಪ್ಪ ಓದಲಿಕ್ಕಿಲ್ಲ. ಆದರೂ ಅವತ್ತು ಆ ಪಡಸಾಲೆಯಲ್ಲಿ ಬಾಯಿಂದ ಹೊರಡದ ಮಾತನ್ನು ಇಲ್ಲಿ ಬರೆದಿಡುತ್ತೇನೆ, ಅನಿಸುತ್ತದೆ ಎಂಬ ಶಬ್ದವನ್ನು ಸೇರಿಸದೆ. ಗುರಪ್ಪ ಕಾಮಾಲೆಯಾಗಿ ಮನೆಯಲ್ಲಿ ಸತ್ತ. ನೀಲವ್ವ ಯಾರಿಗೂ ಸುಳ್ಳು ಹೇಳಲಿಲ್ಲ.